ಅಡಿಕೆ ಸಿಪ್ಪೆಯ ಸುರುಳಿ

ಹೂಜಿ, ಮಾವಿನಹಣ್ಣು ಬರೆಸೋದರಲ್ಲಿ ನಮ್ಮ ಡ್ರಾಯಿಂಗ್ ಮೇಷ್ಟ್ರಿಗೆ ಆಸಕ್ತಿಯೇ ಇರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಒಂದು ಫೋಟೊ ತಂದು ತೋರಿಸಿದರು. ಅಮೆರಿಕದ ಯೂಟಾದಲ್ಲಿರುವ ಗ್ರೇಟ್ ಸಾಲ್ಟ್ ಲೇಕ್. 1970ರಲ್ಲಿ ರಾಬರ್ಟ್ ಸ್ಮಿತ್‌ಸನ್ ಎಂಬ ಕಲಾವಿದ ಆ ಉಪ್ಪುನೀರಿಗೆ ಕಪ್ಪು ಕಲ್ಲು, ಮಣ್ಣು ಸುರಿಸಿ 1,500 ಅಡಿ ಉದ್ದದ ಸುರುಳಿ ಮಾಡಿಸಿದ್ದ. ಹೆಸರು ಸ್ಪೈರಲ್ ಜೆಟ್ಟಿ.

"ನಾವೂ ಮಾಡೋಣ ಕಣ್ರೋ. ಆದ್ರೆ ಮೊದಲು ಹಾಳೆ ಮೇಲೆ" ಅಂದರು ಮೇಷ್ಟ್ರು.

ಕಲ್ಲು ಎಲ್ಲಿಂದ ತರೋದು? ಸಾಗರದ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ರಸ್ತೆ ಬದಿಗೆಲ್ಲ ಸಿಪ್ಪೆಯ ರಾಶಿ. ಅದೇ ಸಾಕು ಅಂತಾಯ್ತು. ಗ್ರಾಫ್ ಹಾಳೆಯಲ್ಲಿ ಒಂದು ಸೆಂಟಿಮೀಟರ್ ಅಂದ್ರೆ ಮೈದಾನದ ಒಂದು ಮೀಟರ್. ಬರೆದ ಸುರುಳಿಯ ಮೇಲೆ ಹೊಲಿಗೆ ದಾರ ಕೂರಿಸಿ, ಆಮೇಲೆ ಬಿಡಿಸಿ ಸ್ಕೇಲಿನಲ್ಲಿ ಅಳೆದೆವು. ಉದ್ದ ಸಿಕ್ಕಿತು. ಅಗಲ, ಎತ್ತರ ಸೇರಿಸಿ ಗುಣಿಸಿದರೆ ಎಷ್ಟು ಗೋಣಿಚೀಲ ಸಿಪ್ಪೆ ಬೇಕು ಅನ್ನೋ ಲೆಕ್ಕ. ಗಣಿತದ ಪೀರಿಯಡ್‌ನಲ್ಲಿ ನಿದ್ದೆ ಹೊಡೆಯುವವರೂ ಆವತ್ತು ಕೂತು ಗುಣಿಸಿದರು.

ಮೈದಾನದಲ್ಲಿ ಸುರುಳಿ ಬರೆಯೋದು ಹೇಗೆ? ನಡುವೆ ಖಾಲಿ ಡಾಂಬರ್ ಡ್ರಮ್ ನಿಲ್ಲಿಸಿ ಹಗ್ಗ ಸುತ್ತಿದೆವು. ಹಗ್ಗದ ತುದಿಯನ್ನು ಬಿಗಿಯಾಗಿ ಹಿಡಿದು ಬಿಚ್ಚುತ್ತಾ ನಡೆದರೆ ಸುರುಳಿ ತಾನಾಗೇ ಬರುತ್ತದೆ. ಎರಡು ಸುತ್ತಿನ ನಡುವಿನ ಅಂತರ ಡ್ರಮ್ಮಿನ ಸುತ್ತಳತೆಯಷ್ಟೇ, ಸುಮಾರು ಆರಡಿ. ಡ್ರಮ್ ದಪ್ಪ ಆದಷ್ಟೂ ಅಂತರ ಜಾಸ್ತಿ. ಹಿಂದಿನಿಂದ ಒಬ್ಬ ಸುಣ್ಣದ ಪುಡಿ ಉದುರಿಸುತ್ತಾ ಬಂದ. ಸುಣ್ಣ ಪಿ.ಟಿ. ಮೇಷ್ಟ್ರದ್ದು, ಕೇಳಿಯೇ ತಂದಿದ್ದು!

ಹೆಡ್‌ಮಾಸ್ಟರ ಅನುಮತಿ ಪತ್ರಕ್ಕೂ ನಕ್ಷೆ ಅಂಟಿಸಿ ಕೊಟ್ಟೆವು. ಆಗಲೇ ಮೇಷ್ಟ್ರು ಕ್ರಿಸ್ಟೊ, ಜಾನ್-ಕ್ಲೋಡ್ ಎಂಬ ಕಲಾವಿದ ದಂಪತಿಯ ವಿಷಯ ಹೇಳಿದ್ದು. 1976ರಲ್ಲಿ ಕ್ಯಾಲಿಫೋರ್ನಿಯಾದ ಗುಡ್ಡಗಳ ಮೇಲೆ ಸುಮಾರು 39 ಕಿಲೋಮೀಟರ್ ಉದ್ದಕ್ಕೆ ಬಿಳಿ ನೈಲಾನ್ ಬಟ್ಟೆಯ ಬೇಲಿ ಕಟ್ಟಿಸಿದ್ದರು. ಹತ್ತಿರ ಹತ್ತಿರ ಶಿವಮೊಗ್ಗದಿಂದ ಭದ್ರಾವತಿಗೆ ಹೋಗಿ ವಾಪಸ್ ಬಂದಷ್ಟು. ಇದ್ದಿದ್ದು ಎರಡೇ ವಾರ. ಅದಕ್ಕೆ 59 ಜಮೀನುದಾರರ ಒಪ್ಪಿಗೆ, 18 ಸಾರ್ವಜನಿಕ ಸಭೆ. ಖರ್ಚಿಗೆ ಪ್ರಾಯೋಜಕರ ದುಡ್ಡು ಮುಟ್ಟಲಿಲ್ಲ. ಕ್ರಿಸ್ಟೊ ಮೊದಲೇ ಬರೆದ ಸ್ಕೆಚ್, ಕೊಲಾಜ್‌ಗಳನ್ನು ಮಾರಿ ಹಣ ಹೊಂದಿಸಿದರು. ಕೆಲಸ ಮುಗಿದ ಮೇಲೆ ಅದರ ಚಿತ್ರ ಬರೆಯುತ್ತಿರಲಿಲ್ಲ. ಬರೆದಿದ್ದರೆ ಇನ್ನೂ ದುಡ್ಡು ಬರ್ತಿತ್ತು, ಅಲ್ವಾ? ನನಗೆ ಅವರಲ್ಲಿ ತುಂಬಾ ಹಿಡಿಸೋದು ಆ ಹಟವೇ.

ನಮ್ಮ ಸುರುಳಿಯನ್ನು ಗಣರಾಜ್ಯೋತ್ಸವದ ಪೆರೇಡಿಗಾಗಿ ಗುಡಿಸಿ ಹಾಕಿದರು. ಆದರೆ ನಕ್ಷೆಗಳನ್ನು ಮೇಷ್ಟ್ರು ಸುತ್ತಿ ಡ್ರಾಯಿಂಗ್ ರೂಮಿನ ಬೀರುವಿನಲ್ಲಿ ಇಟ್ಟಿದ್ದರು. ಗೆದ್ದಲು ತಿಂದಿರದಿದ್ದರೆ ಶಾಲೆಯವರು ಅವನ್ನು ಈಗಿನ ಮಕ್ಕಳಿಗೆ ಕೊಡಲಿ. ಅಡಿಕೆ ಸಿಪ್ಪೆಗಂತೂ ನಮ್ಮೂರಲ್ಲಿ ಈಗಲೂ ಬರ ಇಲ್ಲ.