ಮನೆ ನಮ್ಮದೇ, ಹಾಗಂತ ಪುಕ್ಕಟೆ ಅಲ್ಲ

ಚಿಕ್ಕ ವ್ಯಾಪಾರಗಳ ಲೆಕ್ಕ ಬರೆಯುವುದು ನನ್ನ ಕೆಲಸ. ನನ್ನ ಹತ್ತಿರ ಬರುವವರಲ್ಲಿ ಮನೆಯಲ್ಲೇ ಕೂತು ವ್ಯಾಪಾರ ಮಾಡುವವರೇ ಜಾಸ್ತಿ. ಬಟ್ಟೆಯ ಬ್ಯಾಗ್ ಹೊಲಿಯುವವರು, ಅನುವಾದ ಮಾಡುವವರು, ವೆಬ್‌ಸೈಟ್ ಮಾಡಿಕೊಡುವವರು, ಮೇಣದಬತ್ತಿ ಮಾಡಿ ಮಾರುವವರು, ಹೀಗೆ. ನಾನೂ ಮನೆಯಿಂದಲೇ ಕೆಲಸ ಮಾಡುವುದು. ಎಲ್ಲರ ಬಾಯಲ್ಲೂ ಒಂದೇ ಮಾತು ಕೇಳಿ ನನಗೆ ಅದು ಬಾಯಿಪಾಠ ಆಗಿಹೋಗಿದೆ: "ಮನೇಲೇ ಅಲ್ವಾ ಮೇಡಂ, ಖರ್ಚೇನು ಬರುತ್ತೆ?"

ಖರ್ಚು ಬರುತ್ತದೆ. ಬಿಲ್ ಬರುವುದಿಲ್ಲ, ಅಷ್ಟೇ. ಅಂಗಡಿ ಹಿಡಿದವರಿಗೆ ತಿಂಗಳಾದರೆ ಮಾಲೀಕ ಬಂದು ಬಾಡಿಗೆ ಕೇಳುತ್ತಾನೆ. ಮನೆಯಲ್ಲಿ ಕೇಳುವವರು ಯಾರೂ ಇಲ್ಲ. ಕರೆಂಟು ಮನೆಯ ಬಿಲ್ಲಿನಲ್ಲೇ ಸೇರಿಹೋಗುತ್ತದೆ. ಇಂಟರ್ನೆಟ್ ಹೇಗೂ ಇತ್ತು. ಒಂದು ಕೋಣೆ ಹೇಗೂ ಖಾಲಿ ಇತ್ತು. ಈ "ಹೇಗೂ ಇತ್ತು" ಅನ್ನುವುದನ್ನೆಲ್ಲ ಪುಸ್ತಕದಲ್ಲಿ ಸೊನ್ನೆ ಅಂತ ಬರೆದುಕೊಂಡು, ಉಳಿದದ್ದಕ್ಕೆಲ್ಲ ಲಾಭ ಅಂತ ಹೆಸರಿಡುತ್ತಾರೆ.

ಅದರಲ್ಲೂ ದೊಡ್ಡ ಸೊನ್ನೆ ಅಂದರೆ ತಮ್ಮದೇ ದುಡಿಮೆ.

ಬ್ಯಾಗ್ ಹೊಲಿಯುವ ಒಬ್ಬರು ತಂದ ಪುಸ್ತಕ ನೋಡಿದರೆ ಯಾರಾದರೂ ಭೇಷ್ ಅನ್ನಬೇಕು, ಅಷ್ಟು ಅಚ್ಚುಕಟ್ಟು. ಬಟ್ಟೆ, ಒಳಪದರ, ದಾರ, ಜಿಪ್, ಲೇಬಲ್, ಕೊರಿಯರ್, ಎಲ್ಲಕ್ಕೂ ಒಂದೊಂದು ಸಾಲು. ಹೊಲಿಗೆಗೆ ಮಾತ್ರ ಸಾಲೇ ಇಲ್ಲ.

"ಕೂಲಿ ಎಲ್ಲಿ?" ಅಂತ ಕೇಳಿದೆ.

"ಹೊಲಿಯೋದು ನಾನೇ ಅಲ್ವಾ ಮೇಡಂ. ನನಗೆ ನಾನೇ ಕೂಲಿ ಕೊಟ್ಕೊಳ್ಳೋದಾ?"

"ನಾಳೆ ನಿಮಗೆ ಹುಷಾರಿಲ್ಲ ಅಂತ ಬೇರೆಯವರ ಹತ್ರ ಹೊಲಿಸಿದ್ರೆ, ಅವರು ಸುಮ್ನೆ ಹೊಲ್ಕೊಡ್ತಾರಾ?"

ಅವರು ನಕ್ಕರು. ಒಂದು ವಾರ ಸಮಯ ಬರೆದಿಟ್ಟುಕೊಂಡು ಬನ್ನಿ ಅಂದೆ. ಮಿಷನ್ ಮುಂದೆ ಕೂತಿದ್ದನ್ನಷ್ಟೇ ಅಲ್ಲ, ಎಲ್ಲವನ್ನೂ. ಹೊಲಿಗೆಗೆ ಒಂದು ಬ್ಯಾಗಿಗೆ 40 ನಿಮಿಷ ಅಂತ ಅವರು ಅಂದುಕೊಂಡಿದ್ದು ಸರಿಯಾಗಿಯೇ ಇತ್ತು. ಆದರೆ ಬಟ್ಟೆ ಆರಿಸುವುದು, ಅಳತೆ ಹಾಕಿ ಕತ್ತರಿಸುವುದು, ಇಸ್ತ್ರಿ ಮಾಡುವುದು, ಕಿಟಕಿ ಹತ್ತಿರ ಬೆಳಕು ಬರುವ ಹೊತ್ತು ನೋಡಿ ಫೋಟೋ ತೆಗೆಯುವುದು ಬೇರೆ. "ಇದೇ ಬಣ್ಣದಲ್ಲಿ ಸ್ವಲ್ಪ ದೊಡ್ಡದು ಸಿಗುತ್ತಾ?" ಅಂತ ಕೇಳಿ ಆಮೇಲೆ ಮಾಯವಾಗುವವರಿಗೆಲ್ಲ ಉತ್ತರ ಕೊಡುವುದು ಬೇರೆ. ಪ್ಯಾಕ್ ಮಾಡಿ, ಕೊರಿಯರ್‌ನವರಿಗೆ ಕಾಯುವುದು ಬೇರೆ. ಎಲ್ಲ ಕೂಡಿದರೆ ಒಂದು ಬ್ಯಾಗಿಗೆ ಹೆಚ್ಚುಕಮ್ಮಿ ಎರಡು ಗಂಟೆ ಬಂತು. ಅವರು ಲಾಭ ಅಂತ ಬರೆದಿದ್ದ ಮೊತ್ತವನ್ನು ಆ ಎರಡು ಗಂಟೆಗೆ ಹಂಚಿದಾಗ, ಸಹಾಯಕ್ಕೆ ಅಂತ ಯಾರನ್ನಾದರೂ ಕರೆದರೆ ಕೊಡಬೇಕಾಗುವ ಕೂಲಿಗಿಂತಲೂ ಕಡಿಮೆ ಇತ್ತು. ಅಂದರೆ ಅಲ್ಲಿ ಲಾಭವೇ ಇರಲಿಲ್ಲ. ಅದು ಅವರದೇ ಕೂಲಿ, ಅದೂ ಪೂರ್ತಿ ಅಲ್ಲ.

ಕೈಕೆಲಸ ಮಾಡುವವರ ಕಥೆ ಹೀಗಾದರೆ ಗಂಟೆ ಲೆಕ್ಕದಲ್ಲಿ ದುಡಿಯುವವರದ್ದು ಇನ್ನೊಂದು ಥರ. ನೌಕರಿ ಬಿಟ್ಟು ಬಂದವರು ಹಳೆಯ ಸಂಬಳವನ್ನು ಹಳೆಯ ಗಂಟೆಗಳಿಂದ ಭಾಗಿಸಿ, ಅದೇ ನನ್ನ ರೇಟು ಅನ್ನುತ್ತಾರೆ. ವಾರಕ್ಕೆ 5 ದಿನದಂತೆ ವರ್ಷಕ್ಕೆ 260 ದಿನ, ದಿನಕ್ಕೆ 8 ಗಂಟೆ, ಒಟ್ಟು 2080 ಗಂಟೆ. ನೌಕರಿಯಲ್ಲಿ ಇಷ್ಟಕ್ಕೂ ಸಂಬಳ ಬರುತ್ತಿತ್ತು, ರಜೆಯ ದಿನಕ್ಕೂ ಸೇರಿ. ಈಗ ಹಬ್ಬ, ರಜೆ, ಜ್ವರ, ಕೆಲಸ ಸಿಗದ ದಿನ ಅಂತ 40 ದಿನ ಕಳೆಯಿರಿ. 220 ಉಳಿಯಿತು. ಆ ದಿನಗಳಲ್ಲೂ 8 ಗಂಟೆ ಬಿಲ್ ಮಾಡಲು ಆಗುವುದಿಲ್ಲ. ಕೊಟೇಶನ್ ಬರೆಯಬೇಕು, ಬಾಕಿಗೆ ಫೋನ್ ಮಾಡಬೇಕು, ಹೊಸ ಗಿರಾಕಿ ಹುಡುಕಬೇಕು, ಕೆಟ್ಟ ಪ್ರಿಂಟರ್ ರಿಪೇರಿ ಮಾಡಿಸಬೇಕು. 5 ಗಂಟೆಗೆ ಬಿಲ್ ಹಾಕಿದರೆ ಒಳ್ಳೆಯ ದಿನ ಅನ್ನಿ. 220ಕ್ಕೆ 5ರಂತೆ 1100 ಗಂಟೆ. ಹಳೆಯ ಸಂಬಳವೇ ಕೈಗೆ ಬರಬೇಕು ಅಂದರೂ ಗಂಟೆಯ ರೇಟು ಹೆಚ್ಚುಕಡಿಮೆ ಎರಡರಷ್ಟು ಆಗಬೇಕು. ಈ ಲೆಕ್ಕ ಹೇಳಿದಾಗ "ಅಷ್ಟು ಕೇಳಿದ್ರೆ ಯಾರು ಕೊಡ್ತಾರೆ?" ಅನ್ನುತ್ತಾರೆ. ಕೊಡುವವರು ಇದ್ದಾರಾ ಅನ್ನುವುದನ್ನು ನೌಕರಿ ಬಿಡುವ ಮುಂಚೆ ನೋಡಬೇಕಿತ್ತು ಅಂತ ನಾನು ಮನಸ್ಸಲ್ಲೇ ಅಂದುಕೊಳ್ಳುತ್ತೇನೆ.

"ನಮಗೆ ಅಂಗಡಿ ಬಾಡಿಗೆ ಇಲ್ಲ, ಅದಕ್ಕೇ ಕಡಿಮೆಗೆ ಕೊಡಬಹುದು" ಅನ್ನುವುದು ಇದರ ಬೆನ್ನಿಗೇ ಬರುವ ಮಾತು. ಒಂದು ವಸ್ತುವಿನ ಬೆಲೆ 100, ತಗಲುವ ಖರ್ಚು 70 ಅಂತ ಇಟ್ಟುಕೊಳ್ಳಿ. 100 ವಸ್ತು ಮಾರಿದರೆ 3000 ಉಳಿಯುತ್ತದೆ. ಶೇಕಡ 10 ರಿಯಾಯಿತಿ ಕೊಟ್ಟರೆ ಒಂದಕ್ಕೆ 20 ಮಾತ್ರ ಉಳಿಯುತ್ತದೆ. ಅದೇ 3000ಕ್ಕೆ ಈಗ 150 ವಸ್ತು ಮಾರಬೇಕು. ಬೆಲೆ ಇಳಿಸಿದ್ದು ಹತ್ತರಲ್ಲಿ ಒಂದು ಪಾಲು, ಕೆಲಸ ಏರಿದ್ದು ಒಂದೂವರೆ ಪಟ್ಟು. ಕಾರ್ಖಾನೆಯಾದರೆ ಇನ್ನೊಂದು ಪಾಳಿ ಹಾಕಿಯಾರು. ಮನೆಯಲ್ಲಿ ಆ ಹೆಚ್ಚಿನ 50ನ್ನೂ ಅದೇ ಎರಡು ಕೈ ಮಾಡಬೇಕು. ಈಗ ತಿರುಗಿಸಿ ನೋಡಿ. ಬೆಲೆ 110 ಮಾಡಿದರೆ ಒಂದಕ್ಕೆ 40 ಉಳಿಯುತ್ತದೆ, 75 ಮಾರಿದರೂ 3000 ಬಂತು. ನಾಲ್ಕರಲ್ಲಿ ಒಬ್ಬ ಗಿರಾಕಿ ಮುನಿಸಿಕೊಂಡು ಹೋದರೂ ನಷ್ಟವಿಲ್ಲ, ಕೆಲಸವೂ ಕಡಿಮೆ. ಇದು ಬರೀ ಕೂಡುವ ಕಳೆಯುವ ಲೆಕ್ಕ. ಆದರೂ ಬೆಲೆ ಏರಿಸಿ ಅಂದರೆ ಜನ ನನ್ನನ್ನು ಶತ್ರುವಿನ ಥರ ನೋಡುತ್ತಾರೆ.

ಇನ್ನೊಂದು ಸಣ್ಣ ಗುಂಡಿ ಇದೆ. ಖರ್ಚಿನ ಮೇಲೆ ಶೇಕಡ 25 ಸೇರಿಸಿ ಬೆಲೆ ಕಟ್ಟಿದವರು, ಶೇಕಡ 25 ರಿಯಾಯಿತಿ ಕೊಟ್ಟರೆ ಅಸಲಿಗೆ ಬರುತ್ತೇವೆ ಅಂದುಕೊಳ್ಳುತ್ತಾರೆ. 100ಕ್ಕೆ 25 ಸೇರಿಸಿದರೆ 125. ಅದರಲ್ಲಿ ಶೇಕಡ 25 ಕಳೆದರೆ 93.75. ಅಸಲೇ ಮುಳುಗಿತು.

ಇನ್ನು ಗ್ಯಾರೇಜ್ ಕಥೆ. ದೊಡ್ಡ ಕಂಪನಿಗಳೆಲ್ಲ ಮನೆಯ ಗ್ಯಾರೇಜ್‌ನಲ್ಲೇ ಹುಟ್ಟಿದ್ದು ಅಂತ ಉಬ್ಬಿಸುವವರು ಬೇಕಾದಷ್ಟು ಜನ. ಅಮೆರಿಕದ ಎಲೆಕ್ಟ್ರಾನಿಕ್ಸ್ ಕಂಪನಿ ಹ್ಯೂಲೆಟ್-ಪ್ಯಾಕರ್ಡ್ 1939ರಲ್ಲಿ ಗ್ಯಾರೇಜ್‌ನಲ್ಲಿ ಶುರುವಾಗಿದ್ದು ನಿಜ. ಮರುವರ್ಷವೇ ಅವರು ಬೇರೆ ಜಾಗಕ್ಕೆ ಹೋದರು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಕಂಪ್ಯೂಟರ್ ಕಂಪನಿ ಆಪಲ್ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವಾಜ್ನಿಯಾಕ್ ಅಂತೂ 2014ರ ಒಂದು ಸಂದರ್ಶನದಲ್ಲಿ, ಆಪಲ್ ಗ್ಯಾರೇಜ್‌ನಲ್ಲಿ ಹುಟ್ಟಿತು ಅನ್ನುವುದು ಸ್ವಲ್ಪ ಕಟ್ಟುಕಥೆಯೇ ಅಂದರು. ವಿನ್ಯಾಸದ ಕೆಲಸ ಅಲ್ಲಿ ನಡೆಯಲಿಲ್ಲ, ಅವರಿಗೆ ಆಗ ಹ್ಯೂಲೆಟ್-ಪ್ಯಾಕರ್ಡ್‌ನಲ್ಲಿ ನೌಕರಿ ಇತ್ತು.

ನನ್ನ ಕಣ್ಣಿಗೆ ಆ ಕಥೆಯಲ್ಲಿ ಮುಖ್ಯವಾಗಿ ಕಾಣುವುದು ಗ್ಯಾರೇಜ್ ಅಲ್ಲ, ಉದ್ರಿ. 1976ರಲ್ಲಿ ಬೈಟ್ ಶಾಪ್ ಅನ್ನುವ ಅಂಗಡಿ ಆಪಲ್‌ನವರಿಗೆ 50 ಕಂಪ್ಯೂಟರ್‌ಗಳ ಆರ್ಡರ್ ಕೊಟ್ಟಿತು. ಮಾಲು ತಲುಪಿದ ಕೂಡಲೇ ದುಡ್ಡು. ಆ ಆರ್ಡರ್ ತೋರಿಸಿ ಬಿಡಿಭಾಗಗಳನ್ನು 30 ದಿನದ ಉದ್ರಿಗೆ ತಂದರು. ಕೊಡಬೇಕಾದ್ದನ್ನು ಕೊಡುವ ಮುಂಚೆ ಬರಬೇಕಾದ್ದು ಬಂತು.

ನನ್ನ ಹತ್ತಿರ ಬರುವವರದ್ದು ಇದಕ್ಕೆ ಸರಿಯಾಗಿ ಉಲ್ಟಾ. ಸಾಮಾನು ನಗದು ಕೊಟ್ಟು ತರುತ್ತಾರೆ, ಮಾಲನ್ನು ಎರಡು ತಿಂಗಳ ಉದ್ರಿಗೆ ಕೊಡುತ್ತಾರೆ. ತಿಂಗಳಿಗೆ 70 ಖರ್ಚು, 100 ಮಾರಾಟ ಅಂತಿಟ್ಟುಕೊಂಡರೂ ಮೊದಲ ಹಣ ಕೈ ಸೇರುವ ಹೊತ್ತಿಗೆ 140 ಜೇಬಿಂದ ಹೋಗಿರುತ್ತದೆ. ವ್ಯಾಪಾರ ಎರಡು ಪಟ್ಟಾದರೆ ಹೀಗೆ ಸಿಕ್ಕಿಬೀಳುವ ದುಡ್ಡೂ ಎರಡು ಪಟ್ಟು, 280. ಪುಸ್ತಕದಲ್ಲಿ ಲಾಭ, ಬ್ಯಾಂಕಿನಲ್ಲಿ ಏನೂ ಇಲ್ಲ. "ಆರ್ಡರ್ ಜಾಸ್ತಿ ಆದ್ರೂ ಯಾಕೆ ದುಡ್ಡೇ ನಿಲ್ತಿಲ್ಲ?" ಅಂತ ಕೇಳುತ್ತಾರೆ. ಜಾಸ್ತಿ ಆಗಿದ್ದಕ್ಕೇ ನಿಲ್ಲುತ್ತಿಲ್ಲ. ಅರ್ಧ ಮುಂಗಡ ಕೇಳಿ. ಕೇಳುವುದಕ್ಕೆ ಸಂಕೋಚ ಅನ್ನುವವರಿಗೆ ನನ್ನದೊಂದೇ ಉಪಾಯ. ಬಾಯಲ್ಲಿ ಹೇಳಬೇಡಿ, ಕೊಟೇಶನ್‌ನ ಕೊನೆಯ ಸಾಲಲ್ಲಿ ಅಚ್ಚು ಹಾಕಿಸಿ. ಕಾಗದದ ಜೊತೆ ಜನ ಚೌಕಾಸಿ ಮಾಡುವುದು ಕಡಿಮೆ.

ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ ಬೇಕಾ ಅಂತ ಕೇಳುತ್ತಾರೆ. ಬೇಕು, ಮೊದಲ ದಿನದಿಂದಲೇ. ಇದರಲ್ಲಿ ಮಾತಾಡುವುದಕ್ಕೆ ಏನೂ ಇಲ್ಲ.

ಸಮಯ ನಮ್ಮ ಕೈಯಲ್ಲಿರುತ್ತದೆ ಅನ್ನುವುದೂ ಅರ್ಧ ಸುಳ್ಳು. ಮೇಲೆ ಸಾಹೇಬರು ಇಲ್ಲ, ನಿಜ. ಆದರೆ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕುವ ಗಿರಾಕಿ ಇದ್ದಾರೆ, "ಹೇಗೂ ಮನೇಲೇ ಇದ್ದೀಯಲ್ಲ" ಅನ್ನುವ ಮನೆಯವರಿದ್ದಾರೆ. ಗ್ಯಾಸಿನವನು ಬಂದರೆ ನೀವು, ಮಕ್ಕಳನ್ನು ಕರೆತರುವುದಕ್ಕೆ ನೀವು, ನೆಂಟರನ್ನು ಕೂರಿಸಿ ಮಾತಾಡಿಸುವುದಕ್ಕೂ ನೀವೇ. ಅದೂ ದುಡಿಯುವ ಗಂಟೆಗಳಿಂದಲೇ ಹೋಗುವುದು. ಇದಕ್ಕೆ ಲೆಕ್ಕದವಳ ಹತ್ತಿರ ಮದ್ದಿಲ್ಲ. ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ನಾನು ಮನೆಯಲ್ಲಿಲ್ಲ ಅಂತ ತಿಳಿದುಕೊಳ್ಳಿ ಅಂತ ನಮ್ಮ ಮನೆಯಲ್ಲಿ ಹೇಳಿದ್ದೇನೆ. ಕೆಲವು ದಿನ ನಡೆಯುತ್ತದೆ.

ವಿಮೆಯನ್ನು ಮಾತ್ರ ಉದಾಸೀನ ಮಾಡಬೇಡಿ. ಮನೆಗೆ ವಿಮೆ ಇದೆ, ಮನೆಯಲ್ಲಿಟ್ಟ ಮಾಲಿಗೂ ಬರುತ್ತದೆ ಅಂದುಕೊಳ್ಳುವವರು ಬಹಳ. ಎಷ್ಟೋ ಮನೆ ಪಾಲಿಸಿಗಳು ವ್ಯಾಪಾರದ ಮಾಲನ್ನು, ಯಂತ್ರಗಳನ್ನು ಹೊರಗಿಡುತ್ತವೆ, ಇಲ್ಲವೇ ಸಣ್ಣ ಮೊತ್ತಕ್ಕೆ ನಿಲ್ಲಿಸುತ್ತವೆ. ಸಣ್ಣ ಅಕ್ಷರ ಓದಿ, ಅರ್ಥವಾಗದಿದ್ದರೆ ಬರವಣಿಗೆಯಲ್ಲಿ ಕೇಳಿ ಉತ್ತರ ತರಿಸಿಕೊಳ್ಳಿ. ಬಾಡಿಗೆ ಮನೆಯಾದರೆ ಕರಾರು ಪತ್ರವನ್ನೂ ಒಮ್ಮೆ ನೋಡಿಕೊಳ್ಳಿ.

ಹಾಗಾದರೆ ಬರದ ಬಿಲ್ಲಿಗೆ ಮೊತ್ತ ಹಾಕುವುದು ಹೇಗೆ? ಕಷ್ಟವೇನಿಲ್ಲ. ಕೆಲಸದ ಕೋಣೆ ಮನೆಯ ಹತ್ತರಲ್ಲಿ ಒಂದು ಪಾಲಿದ್ದರೆ, ಅಂಥ ಮನೆಗೆ ಬರುವ ಬಾಡಿಗೆಯ ಹತ್ತರಲ್ಲೊಂದು ಪಾಲನ್ನು ಖರ್ಚಿಗೆ ಬರೆಯಿರಿ, ಮನೆ ಸ್ವಂತದ್ದಾದರೂ. ಮಿಷನ್ 60 ತಿಂಗಳು ಬರುತ್ತದೆ ಅಂದರೆ ಅದರ ಬೆಲೆಯ 60ರಲ್ಲಿ ಒಂದು ಪಾಲು ಪ್ರತಿ ತಿಂಗಳಿಗೆ. ಬೇರೆಯವರಿಂದ ಮಾಡಿಸಿದ್ದರೆ ಎಷ್ಟು ಕೊಡುತ್ತಿದ್ದಿರೋ ಅದು ನಿಮ್ಮ ಕೂಲಿ. ಇದೆಲ್ಲ ಕಳೆದ ಮೇಲೂ ಏನಾದರೂ ಉಳಿದರೆ ಅದು ಲಾಭ.

ಆ ಬ್ಯಾಗಿನವರು ಹೀಗೆ ಬರೆದು ನೋಡಿದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಅಳತೆ ಅನ್ನುವುದನ್ನು ನಿಲ್ಲಿಸಿದರು. ಈಗ ಮೂರೇ ಅಳತೆ. ಹತ್ತಾರನ್ನು ಒಟ್ಟಿಗೆ ಕತ್ತರಿಸುತ್ತಾರೆ, ಬೆಲೆಯನ್ನೂ ಏರಿಸಿದ್ದಾರೆ. ಹಳೆಯ ಗಿರಾಕಿಗಳು ಕೆಲವರು ಬಿಟ್ಟುಹೋದರು. ಅನುವಾದ ಮಾಡುವ ಇನ್ನೊಬ್ಬರು ಅದೇ ಲೆಕ್ಕ ನೋಡಿ ವಾಪಸ್ ನೌಕರಿಗೆ ಸೇರಿದರು. ನನಗೆ ಎರಡೂ ಸರಿ ಅನ್ನಿಸಿತು.

ಕೊನೆಗೆ ತೆರಿಗೆ. ಮನೆಯ ಖರ್ಚಿನಲ್ಲಿ ವ್ಯಾಪಾರದ ಪಾಲನ್ನು ಆದಾಯದಿಂದ ಕಳೆಯಲು ಹಲವು ದೇಶಗಳಲ್ಲಿ ಅವಕಾಶ ಇದೆ, ಶರತ್ತುಗಳು ಮಾತ್ರ ಒಂದೊಂದು ಕಡೆ ಒಂದೊಂದು ಥರ. ಅಮೆರಿಕದಲ್ಲಿ ಆ ಜಾಗವನ್ನು ನಿಯಮಿತವಾಗಿ, ವ್ಯಾಪಾರಕ್ಕೆ ಮಾತ್ರ ಬಳಸುತ್ತಿರಬೇಕು. ಸಂಜೆ ಮಕ್ಕಳು ಕೂತು ಓದುವ ಊಟದ ಮೇಜು ಅಲ್ಲಿ ನಡೆಯುವುದಿಲ್ಲ. ನಿಮ್ಮ ಲೆಕ್ಕಕ್ಕೆ ಬರೆದುಕೊಳ್ಳಿ ಅಂತ ನಾನು ಅಂದ ಬಾಡಿಗೆ, ಕೂಲಿ ಬೇರೆ, ತೆರಿಗೆಯವರು ಒಪ್ಪುವ ಖರ್ಚು ಬೇರೆ. ಎರಡನ್ನೂ ಕಲಸಬೇಡಿ. ನಿಮ್ಮ ಕಡೆಯ ನಿಯಮ ಏನು ಅಂತ ಕೇಳಲು ಹೋಗುವ ಮುಂಚೆ ಒಂದು ವರ್ಷದ ಕರೆಂಟ್, ಇಂಟರ್ನೆಟ್, ರಿಪೇರಿ ಬಿಲ್‌ಗಳನ್ನು ತಿಂಗಳುವಾರು ಜೋಡಿಸಿ ತೆಗೆದುಕೊಂಡು ಹೋಗಿ. ಬಿಲ್ ಇಲ್ಲದೆ ಬಂದವರಿಗೆ ನಮ್ಮಂಥವರು ಏನೂ ಮಾಡಲು ಆಗುವುದಿಲ್ಲ.