ಕಕ್ಕಡದಲ್ಲಿ ಕಿಂಬರ್ಲಿ: ಸಣ್ಣ ಹಡಗಲ್ಲಿ ಬ್ರೂಮ್‌ನಿಂದ ಡಾರ್ವಿನ್‌ವರೆಗೆ

ಆಸ್ಟ್ರೇಲಿಯಾ ಅಂದ್ರೆ ನಮ್ಮ ಕೊಡಗಿನವರಿಗೆ ಸಿಡ್ನಿ, ಮೆಲ್ಬರ್ನ್, ಮಗಳ ಮನೆ, ಅಷ್ಟೇ. ಅದರ ವಾಯವ್ಯ ಮೂಲೆಲಿ ಕಿಂಬರ್ಲಿ ಅಂತ ಒಂದು ಕರಾವಳಿ ಇದೆ, ಬ್ರೂಮ್ ಅನ್ನೋ ಊರಿಂದ ಹೊರಟು ಡಾರ್ವಿನ್ ಕಡೆ ಹೋದ್ರೆ ದಾರೀಲಿ ಕೆಂಪು ಬಂಡೆ, ಮ್ಯಾಂಗ್ರೋವ್, ಮೊಸಳೆ, ಬಿಟ್ರೆ ಸಮುದ್ರ. ಕರಾವಳಿ ಉದ್ದಕ್ಕೆ ರಸ್ತೆ ಇಲ್ಲ, ಫೋನ್ ಸಿಗ್ನಲ್ ಇಲ್ಲ, ಹಾಗಾಗಿ ನೋಡ್ಬೇಕು ಅಂದ್ರೆ ಹಡಗೇ ಗತಿ. ನಾನೂ ನನ್ನ ಹೆಂಡ್ತಿನೂ ಹೋಗಿ ಬಂದ್ಮೇಲೆ ಗೋಣಿಕೊಪ್ಪದಿಂದ ಸೋಮವಾರಪೇಟೆ ತನಕ ಎಲ್ರೂ ಕೇಳೋದು ಒಂದೇ ಪ್ರಶ್ನೆ, ಎಷ್ಟಾಯ್ತು ಅಂತ. ಅದನ್ನೇ ಮೊದಲು ಹೇಳ್ಬಿಡ್ತೀನಿ: ಹತ್ತು ರಾತ್ರಿಯ ಟ್ರಿಪ್‌ಗೆ ಹಡಗಿನ ಟಿಕೆಟ್ ಒಂದೇ ತಲೆಗೆ 10,000 ಆಸ್ಟ್ರೇಲಿಯನ್ ಡಾಲರ್ ಸುಲಭವಾಗಿ ದಾಟುತ್ತೆ, ವಿಮಾನದ ಖರ್ಚು ಬೇರೆ. ಕಾಫಿಗೆ ರೇಟ್ ಬಂದ ವರ್ಷ ಮಾತ್ರ ಯೋಚನೆ ಮಾಡೋ ಟ್ರಿಪ್ ಇದು.

ಆದ್ರೆ ಹಡಗು ಯಾವುದು ಅಂತ ಆಮೇಲೆ ನೋಡಿ, ಮೊದಲು ತಿಂಗಳು, ಆಮೇಲೆ ತಾರೀಖು. ಅಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್ ತನಕ ಒಣಗಾಲ, ಉಳಿದ ತಿಂಗಳು ಸೆಖೆ, ಮಳೆ, ಸೈಕ್ಲೋನ್. ಅಂದ್ರೆ ನಮ್ಮಲ್ಲಿ ಮಳೆ ಹೊಡೀತಾ ಇರೋವಾಗ ಅಲ್ಲಿ ಬಿಸಿಲು. ತೋಟದವರಿಗೆ ಇದಕ್ಕಿಂತ ಅನುಕೂಲ ಏನಿದೆ, ಕಕ್ಕಡದಲ್ಲಿ, ಅಂದ್ರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕದ ನಮ್ಮ ಮಳೆಗಾಲದ ತಿಂಗಳಲ್ಲಿ, ಮದುವೆ ಮುಂಜಿ ಯಾವುದೂ ಇರಲ್ಲ, ಕೊಯ್ಲು ದೂರ, ಸೆಪ್ಟೆಂಬರ್ ಮೊದಲಲ್ಲಿ ಬರೋ ನಮ್ಮ ಆಯುಧದ ಹಬ್ಬ ಕೈಲ್‌ಪೊಳ್ದ್‌ಗೆ ಮುಂಚೆ ಮನೆಗೆ ಬಂದ್ಬಿಡಬಹುದು. ತಿಮಿಂಗಿಲ ನೋಡೋಕೂ ಜುಲೈ ಆಗಸ್ಟೇ ಸರಿ, ಅಂಟಾರ್ಕ್ಟಿಕಾ ಕಡೆಯಿಂದ ಹಂಪ್‌ಬ್ಯಾಕ್ ತಿಮಿಂಗಿಲಗಳು ಮರಿ ಹಾಕೋಕೆ ಇಲ್ಲಿಯ ಕ್ಯಾಮ್ಡೆನ್ ಸೌಂಡ್‌ಗೆ ಬರ್ತವೆ. ಜಲಪಾತ ಬೇಕು ಅನ್ನೋರಿಗೆ ಮಾತ್ರ ಈ ಲೆಕ್ಕ ಉಲ್ಟಾ. ಕಿಂಗ್ ಜಾರ್ಜ್ ಫಾಲ್ಸ್ ಅಂತ ಸುಮಾರು 80 ಮೀಟರ್ ಎತ್ತರದಿಂದ ಎರಡು ಕವಲಾಗಿ ಬೀಳೋ ಜಲಪಾತ ಇದೆ, ಅದು ಜೋರಾಗಿರೋದು ಏಪ್ರಿಲ್ ಮೇ ತಿಂಗಳಲ್ಲಿ, ಆಗಸ್ಟ್ ಹೊತ್ತಿಗೆ ಬಂಡೆ ಮೇಲೆ ಬರೀ ನೀರಿನ ಗೆರೆ. ನಮಗೆ ಟಿಕೆಟ್ ಮಾರಿದ ಏಜೆಂಟ್ ತುಂಬಿ ಹರಿಯೋ ಫೋಟೋ ತೋರಿಸಿ ಮಾರಿದ್ದು, ಅವನಿಗೂ ಗೊತ್ತಿತ್ತು ನಾವು ಹೋಗೋ ತಿಂಗಳು ಯಾವುದು ಅಂತ. ಅಬ್ಬಿ ಫಾಲ್ಸ್ ಬಿಟ್ಟು ಅಷ್ಟು ದೂರ ಹೋದೋರಿಗೆ ಅಷ್ಟೇ ನೀರು! ಬಂಡೆ ಗೋಡೆಗಳ ನಡುವೆ ಆ ನದಿ ಒಳಗೆ ಹೋಗೋದು ಚೆನ್ನಾಗಿತ್ತು ಅನ್ನೋದೂ ನಿಜ.

ಇನ್ನು ತಾರೀಖು. ಇದನ್ನ ಯಾರೂ ಹೇಳಲ್ಲ, ನಾನು ಹೇಳ್ತೀನಿ, ಗೋಡೆ ಮೇಲಿನ ಕ್ಯಾಲೆಂಡರ್ ತೆಗೆದು ಹುಣ್ಣಿಮೆ ಅಮಾವಾಸ್ಯೆ ನೋಡ್ಕೊಳ್ಳಿ. ಮಂಗಳೂರಲ್ಲಿ ಸಮುದ್ರದ ಏರಿಳಿತ ಎರಡು ಮೀಟರೂ ಇರಲ್ಲ, ಕಿಂಬರ್ಲಿಲಿ ಅದು 11 ಮೀಟರ್ ತನಕ ಹೋಗುತ್ತೆ, ಪ್ರಪಂಚದಲ್ಲೇ ದೊಡ್ಡ ಏರಿಳಿತಗಳಲ್ಲಿ ಒಂದು. ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ಇಳಿತ ಅತಿ ಹೆಚ್ಚು. ಆ ದಿನಗಳು ಹಡಗು ಮಾಂಟ್‌ಗೊಮೆರಿ ರೀಫ್ ಹತ್ರ ಇರೋ ಹೊತ್ತಿಗೆ ಬಿದ್ರೆ ನಿಮ್ಮ ಅದೃಷ್ಟ, ಇಟಿನರಿ ತರಿಸ್ಕೊಂಡು ತಾಳೆ ಹಾಕಿ ನೋಡಿ. ಹಡಗಲ್ಲಿ ಎಲ್ಲಾ ನಡೆಯೋದು ಈ ಏರಿಳಿತದ ಟೈಮಿಗೆ, ಬೆಳಿಗ್ಗೆ ಐದೂವರೆಗೆ ಬೋಟ್ ಹತ್ತಿ ಅಂದ್ರೆ ಹತ್ಬೇಕು, ತಿಂಡಿ ಆಮೇಲೆ.

ಮಾಂಟ್‌ಗೊಮೆರಿ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ. ಸುಮಾರು 400 ಚದರ ಕಿಲೋಮೀಟರ್ ಹವಳದ ದಿಬ್ಬ, ಭರತ ಇದ್ದಾಗ, ಅಂದ್ರೆ ನೀರು ಏರಿದ್ದಾಗ, ಏನೂ ಕಾಣಲ್ಲ, ಬರೀ ನೀಲಿ ನೀರು. ಜೋಡಿಯಾಕ್ ಅಂತಾರಲ್ಲ ಗಾಳಿ ತುಂಬಿದ ಬೋಟು, ಅದರಲ್ಲಿ ಕೂತು ಕಾಯ್ತಾ ಇದ್ವಿ, ಮೊದಲು ನೀರಿನ ಬಣ್ಣ ಬದಲಾಯ್ತು, ಆಮೇಲೆ ಅಲ್ಲಲ್ಲಿ ಕಂದು ಅಂಚು, ನೋಡ್ತಾ ನೋಡ್ತಾ ಎರಡೂ ಕಡೆ ದಿಬ್ಬ ಮೇಲೆದ್ದು ನಾವು ಒಂದು ಕಾಲುವೆ ಒಳಗೆ ಇದ್ವಿ, ದಿಬ್ಬದ ಮೇಲಿದ್ದ ನೀರೆಲ್ಲಾ ನೂರಾರು ಕಡೆ ಸಣ್ಣ ಸಣ್ಣ ಜಲಪಾತ ಆಗಿ ಆ ಕಾಲುವೆಗೆ ಸುರೀತಾ ಇತ್ತು. ಆ ಸದ್ದು ಮಳೆಗಾಲದ ತೋಡಿನದ್ದೇ. ಆಮೆ ತಲೆ ಎತ್ತಿ ಉಸಿರು ತಗೊಂಡು ಮುಳುಗೋದು, ಬೆಳ್ಳಕ್ಕಿಗಳು ಅಂಚಲ್ಲಿ ನಿಂತು ಸಿಕ್ಕಿಹಾಕ್ಕೊಂಡ ಮೀನು ಹೆಕ್ಕೋದು, ಕೈಗೆ ಸಿಗೋ ಅಷ್ಟು ಹತ್ರ. ಫೋನ್‌ಗೆ ನೀರು ತಾಗದ ಕವರ್ ಇಲ್ಲಿಗೇ ಬೇಕಾಗೋದು.

ಹಾರಿಜಾಂಟಲ್ ಫಾಲ್ಸ್ ಅಂತ ಇನ್ನೊಂದು, ಎರಡು ಕಿರಿದಾದ ಬಂಡೆ ಕಿಂಡಿ ಮೂಲಕ ಸಮುದ್ರ ನುಗ್ಗುವಾಗ ಆಚೆ ಈಚೆ ನೀರಿನ ಮಟ್ಟದಲ್ಲೇ ವ್ಯತ್ಯಾಸ ಆಗಿ ಅಡ್ಡಡ್ಡ ಜಲಪಾತ ಥರ ಕಾಣೋದು. ಸ್ಪೀಡ್ ಬೋಟಲ್ಲಿ ಕಿಂಡಿ ಒಳಗೆ ನುಗ್ಗಿಸ್ತಾರೆ ಅಂತ ವಿಡಿಯೋ ನೋಡಿ ಆಸೆ ಇಟ್ಕೊಂಡಿರ್ತೀರ. ಅಲ್ಲಿಯ ಮೂಲನಿವಾಸಿಗಳಾದ ಡಂಬಿಮಂಗಾರಿ ಜನಕ್ಕೆ ಅದು ಪವಿತ್ರ ಜಾಗ, ಕಿಂಡಿ ದಾಟೋದು ನಿಲ್ಲಿಸಿ ಅಂತ ಅವರು ಕೇಳಿದ್ದಾರೆ, 2022ರಲ್ಲಿ ಅಲ್ಲೇ ಒಂದು ಬೋಟ್ ಅಪಘಾತ ಆಗಿ ತುಂಬಾ ಜನಕ್ಕೆ ಗಾಯನೂ ಆಗಿತ್ತು. ಹೊರಗಿಂದ ನಿಂತು ನೋಡಿದ್ರೂ ಸಾಕು ಅನ್ನೋದು ನನ್ನ ಅಭಿಪ್ರಾಯ. ನಮ್ಮ ದೇವರಕಾಡಲ್ಲಿ ಯಾರೋ ಬಂದು ಜೀಪ್ ರೇಸ್ ಮಾಡಿದ್ರೆ ನಾವು ಸುಮ್ನಿರ್ತೀವಾ?

ಜನಗಳ ವಿಷಯಕ್ಕೆ ಬಂದ್ರೆ, ಫ್ರೆಶ್‌ವಾಟರ್ ಕೋವ್ ಅನ್ನೋ ಕಡೆ ಹಡಗು ನಿಲ್ಲುತ್ತಾ ಅಂತ ಬುಕ್ ಮಾಡೋ ಮುಂಚೆನೇ ಕೇಳಿ. ವೊರೊರಾ ಜನ ಅಲ್ಲಿ ತಮ್ಮ ಜಾಗಕ್ಕೆ ಬಂದೋರನ್ನ ತಾವೇ ಸ್ವಾಗತಿಸ್ತಾರೆ, ಕೆಂಪು ಮಣ್ಣು ಕಲಸಿ ಮುಖಕ್ಕೆ ಗೆರೆ ಹಾಕ್ತಾರೆ, ಆಮೇಲೇ ಮುಂದಕ್ಕೆ. ಬಿಳಿ ಶರ್ಟ್ ಹಾಕ್ಕೊಂಡು ಹೋಗ್ಬೇಡಿ, ಬೆವರಿಗೆ ಇಳಿದು ಕಾಲರ್‌ಗೆ ಹತ್ತುತ್ತೆ. ಈ ಭಾಗದ ಬಂಡೆ ಚಿತ್ರಗಳಲ್ಲಿ ವಾಂಜಿನಾ ಅನ್ನೋ ಆಕೃತಿ ಮುಖ್ಯ, 2000ದ ಸಿಡ್ನಿ ಒಲಿಂಪಿಕ್ಸ್ ಉದ್ಘಾಟನೆಲಿ ದೊಡ್ಡದಾಗಿ ತೋರಿಸಿದ್ರಲ್ಲ ಅದೇ. ದೊಡ್ಡ ಕಣ್ಣು, ತಲೆ ಸುತ್ತ ಪ್ರಭೆ, ಬಾಯಿ ಇಲ್ಲ. ಮಳೆ, ಮೋಡ ತರೋ ಶಕ್ತಿ ಅದು, ಬಾಯಿ ಇದ್ದಿದ್ರೆ ಮಳೆ ನಿಲ್ತಾನೇ ಇರ್ಲಿಲ್ಲ ಅಂತ ಒಂದು ವಿವರಣೆ ಇದೆ. ಅದನ್ನ ಕೇಳಿ ನನ್ನ ಹೆಂಡ್ತಿ, ಭಾಗಮಂಡಲದಲ್ಲಿ ಯಾರೋ ಬಾಯಿ ಬಿಡಿಸಿಬಿಟ್ಟಿರ್ಬೇಕು ಅಂದ್ಳು. ಗ್ವಿಯೋನ್ ಅನ್ನೋ ಇನ್ನೊಂದು ಶೈಲಿ ಇದೆ, ತೆಳ್ಳಗಿನ ಮನುಷ್ಯರು, ತಲೆಗೆ ಉದ್ದ ಕಿರೀಟ. ಚಿತ್ರದ ಮೇಲೆ ಕೆಳಗೆ ಇದ್ದ ಕಣಜದ ಗೂಡುಗಳ ವಯಸ್ಸು ಅಳೆದು ಅವುಗಳಲ್ಲಿ ಹೆಚ್ಚಿನವು ಸುಮಾರು 12,000 ವರ್ಷ ಹಿಂದಿನವು ಅಂತ 2020ರಲ್ಲಿ ವಿಜ್ಞಾನಿಗಳು ಹೇಳಿದ್ರು. ಫೋಟೋ ತೆಗೀಬಹುದಾ ಅಂತ ಪ್ರತಿ ಜಾಗದಲ್ಲೂ ಕೇಳಿ, ಕೆಲವು ಕಡೆ ಬೇಡ ಅಂತಾರೆ, ಬೇಡ ಅಂದ್ರೆ ಬೇಡ.

ಕರೀನಿಂಗ್ ಬೇ ಅನ್ನೋ ಕೊಲ್ಲಿ ದಡದಲ್ಲಿ ಒಂದು ಬೋಆಬ್ ಮರ ಇದೆ, 1820ರಲ್ಲಿ ಮರ್ಮೇಡ್ ಅನ್ನೋ ಹಡಗು ರಿಪೇರಿಗೆ ಅಂತ ದಡಕ್ಕೆ ಎಳೆದಾಗ ಅದರ ಹೆಸರು, ಇಸವಿ ಕೆತ್ತಿದ್ದು ಇನ್ನೂ ಓದೋಕಾಗುತ್ತೆ. ನಮ್ಮ ಸವಣೂರಿನ ದೊಡ್ಡಹುಣಸೆ ಮರ ನೋಡಿದೋರಿಗೆ ತಕ್ಷಣ ಗೊತ್ತಾಗುತ್ತೆ, ಒಂದೇ ಕುಲದ ಮರ.

ಸಾಮಾನಿನ ಬಗ್ಗೆ ಗಮನ ಇಟ್ಟು ಓದಿ. ಪಂದಿ (ಹಂದಿ ಮಾಂಸದ) ಉಪ್ಪಿನಕಾಯಿ ಕಟ್ಟಿಕೊಳ್ಳೋ ಹಾಗಿಲ್ಲ, ಆಸ್ಟ್ರೇಲಿಯಾದಲ್ಲಿ ಕಿತ್ಕೊಳ್ತಾರೆ, ಹೇಳದೆ ಒಯ್ದಿದ್ರೆ ದಂಡ. ಕೊಡಗಿನ ಜೇನೂ ಬೇಡ, ಬ್ರೂಮ್ ಇರೋದು ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ, ಆ ರಾಜ್ಯದೋರು ತಮ್ಮ ಜೇನುಹುಳಕ್ಕೆ ರೋಗ ಬರಬಾರದು ಅಂತ ಸಿಡ್ನಿಯಿಂದ ತಂದ ಜೇನನ್ನೂ ಒಳಗೆ ಬಿಡಲ್ಲ. ತೋಟಕ್ಕೆ ಹಾಕೋ ಬೂಟೇ ಹಾಕ್ಕೊಂಡು ಹೋಗೋದಾದ್ರೆ ಸೋಲ್ ಸಂದಿ ಮಣ್ಣನ್ನ ಹಳೇ ಟೂತ್‌ಬ್ರಷ್‌ಲಿ ತಿಕ್ಕಿ ತೊಳೀರಿ. ಹುರಿದ ಕಾಫಿಪುಡಿ ತಗೊಂಡು ಹೋಗಬಹುದು, ಫಾರ್ಮಲ್ಲಿ ಬರೆದು ತೋರಿಸಿ. ಹಡಗಿನ ಮೆಷಿನ್ ಕಾಫಿ ನಮ್ಮೋರಿಗೆ ಆಗಲ್ಲ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿ, ನಡುವೆ ತರಕಾರಿ ತರೋಕೆ ಅಲ್ಲಿ ಸಂತೆ ಇಲ್ಲ. ದಡಕ್ಕೆ ಇಳಿಯೋದು ಹೆಚ್ಚಾಗಿ ಮೊಣಕಾಲು ನೀರಲ್ಲೇ, ಒದ್ದೆ ಆದ್ರೂ ಜಾರದ ಸ್ಯಾಂಡಲ್ ಬೇಕು, ಮಂಡಿ ನೋವಿದ್ದೋರು ಬೋಟ್ ಹತ್ತಿ ಇಳಿಯೋದನ್ನ ಯೋಚಿಸಿ. ಸಮುದ್ರದಲ್ಲಿ ಈಜೋ ಆಸೆ ಬಿಡಿ, ಉಪ್ಪುನೀರಿನ ಮೊಸಳೆ ಎಲ್ಲಿ ಬೇಕಾದ್ರೂ ಇರುತ್ತೆ. ಡಾರ್ವಿನ್ ಹತ್ರ ಹೋಗ್ತಾ ತೆರೆದ ಸಮುದ್ರ, ಹಡಗು ಓಲಾಡುತ್ತೆ, ವಾಂತಿ ಮಾತ್ರೆ ಹಿಂದಿನ ದಿನವೇ ಶುರು ಮಾಡಿ.

ವಿಸಿಟರ್ ವೀಸಾ ಆನ್‌ಲೈನಲ್ಲೇ ಆಗುತ್ತೆ. ಕೆಲವು ಹಡಗುಗಳು ನಡುವೆ ಇಂಡೋನೇಷ್ಯಾ ಅಥವಾ ಟಿಮೋರ್ ಮುಟ್ಟಿ ಬರ್ತವೆ, ಹಾಗಿದ್ರೆ ಮಲ್ಟಿಪಲ್ ಎಂಟ್ರಿ ಇರ್ಲೇಬೇಕು. ಮಡಿಕೇರಿಯಿಂದ ಫ್ಲೈಟಿನ ಹಿಂದಿನ ದಿನವೇ ಬೆಂಗಳೂರು ಸೇರ್ಕೊಳ್ಳಿ, ಜುಲೈಲಿ ಎಲ್ಲಿ ಮರ ಬಿದ್ದಿರುತ್ತೋ ಗೊತ್ತಿಲ್ಲ. ಹೋಗುವಾಗ ಸಿಂಗಪುರ, ಪರ್ತ್, ಅಲ್ಲಿಂದ ಎರಡೂವರೆ ಗಂಟೆ ಬ್ರೂಮ್. ಬರುವಾಗ ಪರ್ತ್‌ಗೆ ವಾಪಸ್ ಹೋಗೋ ಟಿಕೆಟ್ ಮಾಡಿಸ್ಬೇಡಿ, ಡಾರ್ವಿನ್‌ನಿಂದಲೇ ಸಿಂಗಪುರಕ್ಕೆ ನೇರ ಫ್ಲೈಟ್ ಇದೆ.