ಬಿ ಎಳೆದರೆ ಏನಾಗುತ್ತದೆ?

ಒಂದು ಸಂಜೆ ಮಗ ಟ್ಯಾಬ್ ಹಿಡಿದು ಹತ್ತು ನಿಮಿಷದಿಂದ ಒಂದೇ ಸಮನೆ ಬೆರಳನ್ನು ಅತ್ತ ಇತ್ತ ಎಳೆಯುತ್ತಾ ಕೂತಿದ್ದ. ನಾನು ಗೇಮ್ ಅಂದುಕೊಂಡೆ.

"ಏನೋ ಅದು?"

"ಲೆಕ್ಕ ಅಮ್ಮ."

"ಲೆಕ್ಕಕ್ಕೆ ಪೆನ್ನು ಬೇಡ್ವಾ?"

ಉತ್ತರ ಕೊಡಲಿಲ್ಲ. ಟ್ಯಾಬನ್ನೇ ನನ್ನ ಕಡೆ ತಿರುಗಿಸಿದ. ತೆರೆಯ ಮೇಲೆ ಒಂದು ಪರವಲಯ (ಪ್ಯಾರಬೋಲಾ), ಬಟ್ಟಲಿನ ಹಾಗೆ ಬಾಗಿದ ಗೆರೆ. ಪಕ್ಕದಲ್ಲಿ ವೈ = ಎ ಎಕ್ಸ್² + ಬಿ ಎಕ್ಸ್ + ಸಿ ಎಂಬ ಸಮೀಕರಣ. ಎ, ಬಿ, ಸಿ ಮೂರಕ್ಕೂ ಒಂದೊಂದು ಸ್ಲೈಡರ್. ಗುಂಡಿಯನ್ನು ಸರಿಸಿದರೆ ಬೆಲೆ ಬದಲಾಗುತ್ತದೆ, ಚಿತ್ರವೂ ಅದರ ಜೊತೆಗೇ ಕದಲುತ್ತದೆ.

ನಾನು ಹೈಸ್ಕೂಲಿನಲ್ಲಿದ್ದಾಗ ಈ ಪರವಲಯ ಎಳೆಯುವುದು ಒಂದು ದೊಡ್ಡ ಕೆಲಸ. ಎಕ್ಸ್‌ಗೆ -3ರಿಂದ 3ರವರೆಗೆ ಬೆಲೆ ಕೊಟ್ಟು ಒಂದು ಪಟ್ಟಿ. ಏಳು ಬಿಂದು. ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿ, ಪೆನ್ಸಿಲ್ಲಿನಿಂದ ಉಸಿರು ಬಿಗಿಹಿಡಿದು ಸೇರಿಸಬೇಕು. ಒಂದು ಮುಗಿಯುವಷ್ಟರಲ್ಲಿ ಕಾಲು ಗಂಟೆ. ಆಮೇಲೆ "ಇಲ್ಲಿ 2ರ ಬದಲು 3 ಇದ್ದಿದ್ದರೆ?" ಎಂದು ಕೇಳುವ ಹುಮ್ಮಸ್ಸು ಯಾರಿಗಿರುತ್ತದೆ? ಪ್ರಶ್ನೆ ಹುಟ್ಟುವ ಮೊದಲೇ ಕೈ ಸೋತಿರುತ್ತಿತ್ತು.

ಎ ಎಳೆದೆ. ಪರವಲಯ ಕಿರಿದಾಯಿತು, ಅಗಲವಾಯಿತು, ಸೊನ್ನೆಗೆ ಬಂದಾಗ ನೇರ ಗೆರೆಯಾಗಿ, ಆಚೆ ಹೋದ ಕೂಡಲೇ ಬೋರಲು ಬಿತ್ತು. ಸಿ ಎಳೆದೆ. ಇಡೀ ಚಿತ್ರ ಮೇಲೆ ಕೆಳಗೆ ಹೋಯಿತು. ಇವೆರಡೂ ನನಗೆ ಗೊತ್ತಿತ್ತು.

"ಬಿ ಎಳೆದರೆ?" ಅಂದ ಮಗ.

"ಎಡಕ್ಕೆ ಬಲಕ್ಕೆ ಹೋಗುತ್ತೆ." ಇಷ್ಟು ವರ್ಷ ನಾನು ನಂಬಿಕೊಂಡಿದ್ದೇ ಹಾಗೆ.

"ನೀನೇ ಎಳೆದು ನೋಡು."

ಎ 1, ಸಿ 2 ಎಂದು ಇಟ್ಟಿದ್ದ. ಬಿ ಸೊನ್ನೆಯಿಂದ 4ಕ್ಕೆ ಹೋಗುವಾಗ ಪರವಲಯ ಎಡಕ್ಕೇನೋ ಸರಿಯಿತು. ಆದರೆ ಸರಿಯುತ್ತಾ ಸರಿಯುತ್ತಾ ಕೆಳಕ್ಕೂ ಇಳಿಯಿತು. ಬಿ -4 ಮಾಡಿದೆ. ಈ ಸಲ ಬಲಕ್ಕೆ, ಮತ್ತೆ ಕೆಳಕ್ಕೆ. ಬೆಟ್ಟದ ನೆತ್ತಿಯಿಂದ ಎರಡೂ ಕಡೆ ಜಾರಿದ ಹಾಗೆ. ಅದರ ಶೃಂಗ ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ನೋಡಲೇಬೇಕು ಅನಿಸಿತು. (ಬಾಯಿ ಮೇಲಾಗಿರುವ ಪರವಲಯದಲ್ಲಿ ಶೃಂಗ ಎಲ್ಲಕ್ಕಿಂತ ಕೆಳಗಿನ ಬಿಂದು. ತಳದಲ್ಲಿ ಕೂತವನಿಗೆ ಶೃಂಗ ಎಂದು ಹೆಸರು. ಆ ಕಾಲದಲ್ಲೇ ನನಗೆ ಇದು ತಮಾಷೆ ಅನಿಸುತ್ತಿತ್ತು.)

ನಾವು ಬಳಸುತ್ತಿದ್ದುದು ಜಿಯೋಜೀಬ್ರಾ ಎಂಬ ಗಣಿತದ ಆ್ಯಪ್. ಅದರಲ್ಲಿ ಒಂದು ಬಿಂದುವಿಗೆ ಜಾಡು ಬಿಡು ಎಂದು ಹೇಳಬಹುದು. ಶೃಂಗಕ್ಕೆ ಜಾಡು ಹಾಕಿ ಬಿ ಎಳೆದೆವು. ತೆರೆಯ ಮೇಲೆ ಚುಕ್ಕಿಗಳು ಸಾಲಾಗಿ ಬಿದ್ದು, ಇನ್ನೊಂದು ಪರವಲಯ ಮೂಡಿತು. ಬೋರಲಾಗಿ. ಅದೇ ಅಳತೆ, ಅದೇ ಅಗಲ.

ನಾನು ಜೋರಾಗಿಯೇ ನಕ್ಕೆ. ಆಮೇಲೆ ನಗು ನಿಂತು ಯಾಕೆ ಎಂಬ ಪ್ರಶ್ನೆ ಬಂತು. ತೆರೆ ಅದಕ್ಕೆ ಉತ್ತರ ಹೇಳುವುದಿಲ್ಲ. ಪೆನ್ನು ಹುಡುಕಿದೆ.

ಎ 1 ಆಗಿದ್ದಾಗ ಶೃಂಗ ಇರುವುದು ಎಕ್ಸ್ = -ಬಿ/2 ಎಂಬಲ್ಲಿ. ಅಂದರೆ ಬಿ = -2 ಎಕ್ಸ್. ಇದನ್ನು ಎಕ್ಸ್² + ಬಿ ಎಕ್ಸ್ + 2 ಎಂಬುದರಲ್ಲಿ ಇಟ್ಟರೆ ಎಕ್ಸ್² - 2 ಎಕ್ಸ್² + 2. ಉಳಿದದ್ದು 2 - ಎಕ್ಸ್². ಬೋರಲು ಬಿದ್ದ ಅದೇ ಪರವಲಯ! ಮೂರೇ ಸಾಲು. ಆ ಮೂರು ಸಾಲು ಬರೆಯುವಷ್ಟು ಬೀಜಗಣಿತ ನನಗೆ ಹೈಸ್ಕೂಲಿನಲ್ಲೇ ಬರುತ್ತಿತ್ತು. ಬರೆಯಬೇಕು ಅನ್ನಿಸುವಂಥದ್ದು ಏನನ್ನೂ ನೋಡಿರಲಿಲ್ಲ, ಅಷ್ಟೆ.

ಮಗ ಅಷ್ಟಕ್ಕೇ ಬಿಡಲಿಲ್ಲ. "ಬಿ ಎಷ್ಟು ಎಳೆದರೂ ಒಂದು ಬಿಂದು ಮಾತ್ರ ಅಲ್ಲಾಡೋದಿಲ್ಲ, ನೋಡಿದ್ಯಾ?" ಅಂದ. ಹೌದು. ವೈ ಅಕ್ಷದ ಮೇಲೆ 2 ಇರುವ ಜಾಗ. ಎಕ್ಸ್ ಸೊನ್ನೆಯಾದರೆ ಬಿಗೆ ಅಲ್ಲಿ ಕೆಲಸವೇ ಇಲ್ಲ. ಆ ಬಿಂದುವಿನ ಹತ್ತಿರಕ್ಕೆ ಜೂಮ್ ಮಾಡುತ್ತಾ ಹೋದೆವು. ವಕ್ರರೇಖೆ ನೆಟ್ಟಗಾಗುತ್ತಾ ಬಂದು ಕೊನೆಗೆ ನೇರ ಗೆರೆಯೇ ಆಗಿಬಿಟ್ಟಿತು. ಆ ಗೆರೆಯ ಓರೆ ಎಷ್ಟು? ಸರಿಯಾಗಿ ಬಿ ಎಷ್ಟೋ ಅಷ್ಟು. ಎಕ್ಸ್ 0.01 ಇದ್ದಾಗ ಅದರ ವರ್ಗ 0.0001. ಅಷ್ಟು ಚಿಕ್ಕದನ್ನು ಯಾರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ? ಉಳಿಯುವುದು ಬಿ ಎಕ್ಸ್ + 2 ಮಾತ್ರ. ಅಂದರೆ ವೈ ಅಕ್ಷವನ್ನು ದಾಟುವಾಗ ಪರವಲಯ ಎಷ್ಟು ಓರೆಯಾಗಿರಬೇಕು ಎಂದು ಹೇಳುವುದೇ ಬಿಯ ಕೆಲಸ. ಮುಂದೆ ಕಲನಶಾಸ್ತ್ರದಲ್ಲಿ (ಕ್ಯಾಲ್ಕುಲಸ್) ಬರುವ ಮಾತು ಇದೇ ಅಲ್ವಾ? ಅವನಿಗೆ ಆ ಹೆಸರು ಹೇಳಲಿಲ್ಲ. ಹೆಸರು ಆಮೇಲೆ ಬಂದರೂ ಆಗುತ್ತದೆ.

ಇದನ್ನು ಓದಿ "ಹಾಗಾದರೆ ಮಗುವಿಗೆ ಒಂದು ಆ್ಯಪ್ ಹಾಕಿಸಿದರೆ ಸಾಕು" ಅಂದುಕೊಳ್ಳಬೇಡಿ. ನಾವೂ ಹಾಗೆ ಅಂದುಕೊಂಡು ಒಮ್ಮೆ ಮೋಸ ಹೋಗಿದ್ದೇವೆ. ಹೆಸರು ಬೇಡ. ವೀಡಿಯೋ ನೋಡಬೇಕು, ಕೊನೆಗೆ ನಾಲ್ಕು ಆಯ್ಕೆಯ ಪ್ರಶ್ನೆ, ಸರಿಯಾದರೆ ನಕ್ಷತ್ರ, ಜೊತೆಗೆ ಬಣ್ಣದ ಕಾಗದ ಹಾರುವ ಸಂಭ್ರಮ. ಮಗನ ಖಾತೆಯಲ್ಲಿ ನಕ್ಷತ್ರಗಳ ರಾಶಿ. ಒಂದು ದಿನ ಅದರಲ್ಲೇ ಇದ್ದ ಲೆಕ್ಕವೊಂದನ್ನು ಹಾಳೆಯ ಮೇಲೆ ಮಾಡು ಅಂದೆ. ಪೆನ್ನು ಕಚ್ಚುತ್ತಾ ಕೂತ. ತಪ್ಪು ಉತ್ತರ ಒತ್ತಿದರೆ ಏನೂ ನಷ್ಟವಿರಲಿಲ್ಲ, ಹಾಗಾಗಿ ನಾಲ್ಕನ್ನೂ ಒಂದೊಂದಾಗಿ ಒತ್ತುತ್ತಿದ್ದನಂತೆ. ಅವನನ್ನು ಬೈಯಲಾಗಲಿಲ್ಲ. ಆ ಆಟದ ನಿಯಮಕ್ಕೆ ಅವನದು ಬುದ್ಧಿವಂತ ಆಟವೇ. ನನ್ನ ಕಣ್ಣಿಗೆ ಅದು ಒತ್ತುವ ಗುಂಡಿ ಇರುವ ಟೀವಿ, ಅಷ್ಟೆ. ನಾನು ಏನನ್ನಾದರೂ ಬದಲಿಸಿದರೆ ಗಣಿತ ಅದಕ್ಕೆ ತಕ್ಕ ಹಾಗೆ ಬದಲಾಗಬೇಕು. ಇಲ್ಲದಿದ್ದರೆ ಕೈಗೆ ಕೆಲಸ, ತಲೆಗೆ ರಜೆ.

ಸ್ಲೈಡರ್‌ಗೂ ಆ ಗತಿ ಬರಬಹುದು. ಸುಮ್ನೆ ಎಳೆಯುತ್ತಾ ಹೋದರೆ ಎಲ್ಲವೂ "ಓ ಹೌದಲ್ಲ" ಅನ್ನಿಸುತ್ತದೆ, ಮರುದಿನ ಏನೂ ನೆನಪಿರುವುದಿಲ್ಲ. ಅದಕ್ಕೇ ನಮ್ಮಲ್ಲಿ ಈಗ ಒಂದು ನೋಟ್‌ಬುಕ್ ಇದೆ. ಹೆಸರು ಊಹೆ ಪುಸ್ತಕ. ಎಳೆಯುವ ಮೊದಲು ಏನಾಗುತ್ತದೆ ಎಂದು ಬರೆಯಬೇಕು. ಸಾಧ್ಯವಾದರೆ ಕಾರಣ ಒಂದು ಸಾಲು. ಆಮೇಲೆ ಎಳೆಯಬೇಕು. ತಪ್ಪಾದರೆ ಹೊಡೆದು ಹಾಕುವಂತಿಲ್ಲ, ಕೆಳಗೆ ಸರಿಯಾದದ್ದನ್ನು ಬರೆಯಬೇಕು. ಮೊದಲ ಪುಟದ ಮೊದಲ ತಪ್ಪು ನನ್ನದು: "ಬಿ = ಎಡ ಬಲ."

ಮಗನ ಒಳ್ಳೆಯ ತಪ್ಪು ಆಮೆಯದು. ಲೋಗೋ ಎಂಬ ಕಂಪ್ಯೂಟರ್ ಭಾಷೆ 1967ರದು. ಸೀಮೋರ್ ಪೇಪರ್ಟ್, ಸಿಂಥಿಯಾ ಸೊಲೊಮನ್ ಮೊದಲಾದವರು ಮಕ್ಕಳಿಗಾಗಿ ಮಾಡಿದ್ದು. ಹೇಳಿದಂತೆ ತೆರೆಯ ಮೇಲೆ ನಡೆದು ಗೆರೆ ಎಳೆಯುವ ಅದರ ಆಮೆ ಈಗ ಪೈಥಾನ್ ಭಾಷೆಯ ಜೊತೆಗೂ ಬರುತ್ತದೆ. "ಮುಂದೆ 100, ಬಲಕ್ಕೆ 90" ಎಂದು ನಾಲ್ಕು ಸಲ ಹೇಳಿದರೆ ಚೌಕ. ಸಮಬಾಹು ತ್ರಿಭುಜ ಬಿಡಿಸು ಅಂದೆ. "ಒಳಕೋನ 60, ಹಾಗಾಗಿ ಬಲಕ್ಕೆ 60, ಮೂರು ಸಲ" ಎಂದು ಬರೆದ. ಆಮೆ ಮೂರು ಗೆರೆ ಎಳೆದು ಅರ್ಧ ಷಡ್ಭುಜ ಬಿಡಿಸಿ ನಿಂತಿತು. ಅವನು ಎದ್ದು ನೆಲದ ಮೇಲೆ ತಾನೇ ನಡೆದು ನೋಡಿದ. ಮೂಲೆಯಲ್ಲಿ ತಿರುಗಬೇಕಾದದ್ದು ಹೊರಕೋನ, ಅಂದರೆ 120. ಪೂರ್ತಿ ಒಂದು ಸುತ್ತು ಬಂದರೆ ಒಟ್ಟು 360. ಐದು ಮೂಲೆಯ ನಕ್ಷತ್ರಕ್ಕೆ ಮಾತ್ರ ಪ್ರತಿ ಸಲ 144 ಬೇಕು, ಒಟ್ಟು 720. "ಅಂದ್ರೆ ಆಮೆ ಎರಡು ಸುತ್ತು ಸುತ್ತಿದೆ!" ಎಂದು ಕೂಗಿದ. ಬಹುಭುಜದ ಹೊರಕೋನಗಳ ಮೊತ್ತ 360 ಎಂಬ ಸಾಲನ್ನು ಅವನು ಪುಸ್ತಕದಲ್ಲಿ ಓದಿ ಅಂಕವನ್ನೂ ಪಡೆದಿದ್ದ. ಅದು ತಿರುಗುವ ಲೆಕ್ಕ ಎಂದು ತಿಳಿದದ್ದು ಆವತ್ತು.

ಜ್ಯಾಮಿತಿಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ವಾರಿನ್ಯೋನ್ ಎಂಬ ಫ್ರೆಂಚ್ ಗಣಿತಜ್ಞನ ಪ್ರಮೇಯ. ಅವನು ತೀರಿಹೋದ ಮೇಲೆ, 1731ರಲ್ಲಿ ಅಚ್ಚಾದದ್ದು. ಯಾವುದಾದರೂ ಚತುರ್ಭುಜ ತಗೊಳ್ಳಿ, ಸೊಟ್ಟಗಿದ್ದರೂ ಪರವಾಗಿಲ್ಲ. ನಾಲ್ಕು ಬಾಹುಗಳ ಮಧ್ಯಬಿಂದುಗಳನ್ನು ಸೇರಿಸಿ. ಒಳಗೆ ಸಮಾಂತರ ಚತುರ್ಭುಜ ಬರುತ್ತದೆ. ಹಾಳೆಯ ಮೇಲೆ ಒಮ್ಮೆ ಬರೆದರೆ ಕಾಕತಾಳೀಯ ಅನ್ನಿಸಬಹುದು. ತೆರೆಯ ಮೇಲೆ ಒಂದು ಮೂಲೆ ಹಿಡಿದು ಎಲ್ಲೆಂದರಲ್ಲಿ ಎಳೆದಾಡಿ. ಒಂದು ಮೂಲೆ ಒಳಕ್ಕೆ ಮಡಚಿದರೂ, ಬಾಹುಗಳು ಒಂದನ್ನೊಂದು ಕತ್ತರಿಸಿದರೂ ಒಳಗಿನ ಆಕಾರ ತನ್ನ ಪಟ್ಟು ಬಿಡುವುದಿಲ್ಲ. ಹೆಚ್ಚೆಂದರೆ ಚಪ್ಪಟೆಯಾಗಿ ಗೆರೆಯಾಗುತ್ತದೆ, ಕರ್ಣಗಳು ಸಮಾಂತರವಾದಾಗ. ಆ ಕರ್ಣಗಳನ್ನು ಎಳೆದು ನೋಡಿದರೆ ಗುಟ್ಟು ಬಯಲು. ಎದುರುಬದುರಿನ ಎರಡು ಗೆರೆಗಳೂ ಒಂದೇ ಕರ್ಣಕ್ಕೆ ಸಮಾಂತರ, ಅದರ ಅರ್ಧ ಉದ್ದ.

ಹೀಗೆ ಎಳೆದು ನೋಡುವ ಜ್ಯಾಮಿತಿ ಹೊಸದೇನಲ್ಲ. ನಿಕೋಲಸ್ ಜ್ಯಾಕಿವ್ ಮಾಡಿದ ಜಿಯೋಮೀಟರ್ಸ್ ಸ್ಕೆಚ್‌ಪ್ಯಾಡ್ 1991ರಲ್ಲೇ ಬಂದಿತ್ತು. ಜಿಯೋಜೀಬ್ರಾ ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಶುರುಮಾಡಿದ್ದು. ಹೆಸರಿನಲ್ಲೇ ಜ್ಯಾಮಿತಿಯೂ ಬೀಜಗಣಿತವೂ ಇವೆ. ಗ್ರಾಫ್ ಒಂದೇ ಸಾಕು ಅನ್ನುವ ದಿನ ನಾವು ಡೆಸ್ಮೋಸ್ ತೆರೆಯುತ್ತೇವೆ. ಅದು 2011ರದು. ಟೈಪ್ ಮಾಡುತ್ತಿದ್ದಂತೆ ಗೆರೆ ಬರುತ್ತದೆ.

ಈಗ ತೆರೆಯನ್ನು ಕಣ್ಣುಮುಚ್ಚಿ ನಂಬಿ ಕೆಟ್ಟ ಕಥೆಗಳು. ತ್ರಿಕೋನಮಿತಿ ಶುರುವಾದಾಗ ಮಗ ಸೈನ್ 30 ಎಂದು ಹಾಕಿದ. 0.5 ಬರಬೇಕು. ಬಂದದ್ದು -0.988. ಅರ್ಧ ಗಂಟೆ ತಲೆ ಕೆರೆದುಕೊಂಡ, ನಾನೂ ಸೇರಿಕೊಂಡೆ. ಅದು 30 ಡಿಗ್ರಿ ಅಲ್ಲ, 30 ರೇಡಿಯನ್ (ಕೋನ ಅಳೆಯುವ ಇನ್ನೊಂದು ಮಾನ) ಎಂದುಕೊಂಡಿತ್ತು. ಇನ್ನೊಂದು ದಿನ ತ್ರಿಭುಜದ ಮೂಲೆ ಎಳೆಯುವಾಗ ಕೋನಗಳು 47.3, 61.4, 71.4 ಎಂದು ತೋರಿಸಿದವು. ಕೂಡಿದರೆ 180 ಬರಬೇಕು, ಬಂದದ್ದು 180.1. "ಯೂಕ್ಲಿಡ್ ತಪ್ಪು" ಎಂದು ಘೋಷಿಸಿದ. ದಶಮಾಂಶ ಸ್ಥಾನ ಎರಡು ಮಾಡಿದ ಮೇಲೆ 47.26, 61.37, 71.37. ಯೂಕ್ಲಿಡ್ ಪಾರಾದ. ವೈ = 2 ಎಕ್ಸ್ ಮತ್ತು ವೈ = -ಎಕ್ಸ್/2 ಒಂದಕ್ಕೊಂದು ಲಂಬ ಎಂದು ತೋರಿಸಲು ಹೋಗಿ ನಾನೂ ಪೆಚ್ಚಾಗಿದ್ದೇನೆ. ಎರಡು ಅಕ್ಷಗಳ ಅಳತೆ ಬೇರೆ ಬೇರೆ ಆಗಿತ್ತು, ಲಂಬ ಕಾಣಲೇ ಇಲ್ಲ.

ಇವೆಲ್ಲ ಚಿಕ್ಕಪುಟ್ಟವು. ದೊಡ್ಡದು ಇನ್ನೊಂದಿದೆ. ಮಗನಿಗೆ ಒಂದು ದಿನ ಎನ್² + ಎನ್ + 41 ಕೊಟ್ಟೆ. ಎನ್‌ಗೆ ಸ್ಲೈಡರ್, 0ಯಿಂದ 30. ಬರುವ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ನೋಡು ಅಂದೆ. 41, 43, 47, 53... ಎಲ್ಲವೂ ಅವಿಭಾಜ್ಯ. "ಯಾವಾಗಲೂ ಅವಿಭಾಜ್ಯವೇ" ಎಂದು ಊಹೆ ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದ. ಸ್ಲೈಡರನ್ನು 50ರವರೆಗೆ ಬೆಳೆಸು ಅಂದೆ. 39ರವರೆಗೂ ಸರಿ. 40ಕ್ಕೆ 1681. ಅಂದರೆ 41 ಗುಣಿಸು 41. ಇದರದೇ ಇನ್ನೊಂದು ರೂಪವನ್ನು ಗಣಿತಜ್ಞ ಆಯ್ಲರ್ 1772ರಲ್ಲೇ ಗಮನಿಸಿದ್ದ. ಮಗನ ಮುಖ ಬಾಡಿತು. ಆಮೇಲೆ ಅವನೇ ಕೇಳಿದ, "ಹಾಗಾದ್ರೆ ವಾರಿನ್ಯೋನಂದೂ ಎಲ್ಲೋ ಕೆಡಬಹುದಾ?" ಇಲ್ಲ, ಅದಕ್ಕೆ ಕರ್ಣದ ಕಾರಣ ಇದೆ. ಇದಕ್ಕೆ ಬರೀ ನಲವತ್ತು ಸಾಕ್ಷಿ ಇತ್ತು. ಈ ವ್ಯತ್ಯಾಸವನ್ನು ಅವನಿಗೆ ಹೇಗೆ ಹೇಳುವುದು ಎಂದು ನಾನು ತುಂಬಾ ದಿನ ಯೋಚಿಸಿದ್ದೆ. ಕೊನೆಗೆ ಹೇಳುವ ಕೆಲಸವನ್ನು 1681 ಮಾಡಿಕೊಟ್ಟಿತು.

ಫೋನಿನಲ್ಲಿ ಇದನ್ನೆಲ್ಲ ಮಾಡಬೇಡಿ, ಬೆರಳೇ ಬಿಂದುವನ್ನು ಮುಚ್ಚಿಬಿಡುತ್ತದೆ. ಟ್ಯಾಬ್ ಪರವಾಗಿಲ್ಲ. ಮೌಸ್ ಇದ್ದರೆ ಇನ್ನೂ ಒಳ್ಳೆಯದು.

ನಿನ್ನೆ ರಾತ್ರಿ ಟ್ಯಾಬ್ ಚಾರ್ಜಿಗೆ ಹಾಕಿದ ಮೇಲೆ ಮಗ ಊಹೆ ಪುಸ್ತಕ ತೆಗೆದು ಬಂದ. "ಅಮ್ಮ, ಬಿಗೆ ಜಾಡು ನೋಡಿದ್ವಿ. ಬಿ, ಸಿ ಹಾಗೇ ಇಟ್ಟು ಎ ಮಾತ್ರ ಎಳೆದ್ರೆ ಶೃಂಗ ಯಾವ ದಾರೀಲಿ ಹೋಗುತ್ತೆ?" ನಾನು ಎರಡು ನಿಮಿಷ ಯೋಚಿಸಿ "ಇನ್ನೊಂದು ವಕ್ರರೇಖೆ" ಎಂದು ಬರೆದೆ. ಅವನು ಕೈ ಅಡ್ಡ ಹಿಡಿದುಕೊಂಡು ಬರೆದ. ಆಮೇಲೆ ಇಣುಕಿ ನೋಡಿದೆ. "ನೇರ ಗೆರೆ. ಓರೆ ಬಿಯ ಅರ್ಧ" ಎಂದಿತ್ತು. ಕೆಳಗೆ ಕಾರಣ, ಮೂರು ಸಾಲು.